ಕೆಂಪು ಮೊದಲು, ನೇರಳೆ ಆಮೇಲೆ

ನನಗೆ ಅರವತ್ತಾಯಿತು, ನಾಲಿಗೆಗೆ ಇನ್ನೂ ಇಪ್ಪತ್ತೆರಡು. ಹಾಗಾಗಿ ನಾನು ನಿವೃತ್ತನಾದೆ ಎಂದರೆ ಸಂತೆಯಲ್ಲಿ ಸಿಕ್ಕವರು ನಗುತ್ತಾರೆ. ನಗಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರುಗಳ ರಕ್ತ, ಮೂತ್ರ, ಕಫ ನನ್ನ ಕೈಮೇಲೆ ಹಾದುಹೋಗಿವೆ. ದೊಡ್ಡ ಮನುಷ್ಯರು ಎದುರಿಗೆ ಬಂದು ಮೀಸೆ ತಿರುವಿದರೆ ನನಗೆ ಅವರ ಹೊಟ್ಟೆಯೊಳಗಿನ ಹುಳದ ಹೆಸರು ನೆನಪಾಗುತ್ತದೆ. ಯಾರಿಗೂ ಹೇಳಿಲ್ಲ. ಇಷ್ಟು ಮಾತುಗಾರನಾಗಿಯೂ ಅದೊಂದನ್ನು ಹೇಳದೆ ಉಳಿದದ್ದು ನನ್ನ ವೃತ್ತಿಯ ಮೊದಲ ಹೆಮ್ಮೆ.

ನಾನು ದಸ್ತಗೀರ, ಸಿಂದಗಿಯವನು, ಲ್ಯಾಬ್ ಟೆಕ್ನಿಷಿಯನ್. ಜೊತೆಗೆ ದನಿ ತೆಗೆಯುವ, ಅಂದರೆ ಮಂದಿಯ ಮಾತನ್ನು ಅವರ ಹಾಗೆಯೇ ಆಡಿ ತೋರಿಸುವ ಚಟ. ಒಮ್ಮೆ ಕೇಳಿದ ದನಿ ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ಉಳಿದುಬಿಡುತ್ತದೆ. ಕಂಡಕ್ಟರು, ಡಾಕ್ಟರು, ನನ್ನ ಮಾವ, ಬರೀ ಗಾಳಿ ಬಿಡುವ ನಲ್ಲಿ, ಎಲ್ಲರದೂ ತೆಗೆದಿದ್ದೇನೆ. ಈಗ ಹೊಸದಾಗಿ ಲ್ಯಾಬಿಗೆ ಬರುತ್ತಿರುವ ಹುಡುಗ ಹುಡುಗಿಯರು "ಸರ್, ಏನಾದರೂ ಹೇಳಿ" ಎನ್ನುತ್ತಾರೆ. ಅವರು ಕೇಳುವುದು ದನಿ. ನಾನು ಈ ಸಲ ಕೊಡುವುದು ತಪ್ಪು.

ಮೊದಲ ತಪ್ಪು ಇಂಡಿಯದು. ಆಗ ರಕ್ತ, ಮೂತ್ರ ಎಲ್ಲವನ್ನೂ ಗಾಜಿನ ನಳಿಕೆಯಲ್ಲಿ ಬಾಯಿಂದಲೇ ಎಳೆಯುತ್ತಿದ್ದೆವು. ಬಣ್ಣ ಬಂದಿತೋ ಇಲ್ಲವೋ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದೇ ಯಂತ್ರ. ನನ್ನ ಗುರು ಗುರುಪಾದಪ್ಪ ಸರ್ ಒಂದು ಕಣ್ಣು ಮುಚ್ಚಿ ಟ್ಯೂಬು ನೋಡಿ, "ಸಕ್ರಿ ಐತಿ. ಭಾಳ ಐತಿ. ಚಾ ಮಾಡಬಹುದು" ಎನ್ನುತ್ತಿದ್ದರು. ಒಂದು ದಿನ ನಳಿಕೆ ಬಾಯಲ್ಲಿದ್ದಾಗಲೇ ನಾನು ಅವರ ದನಿ ತೆಗೆದೆ. ದನಿ ಹೊರಗೆ ಬರಬೇಕಾದರೆ ಉಸಿರು ಒಳಗೆ ಹೋಗಬೇಕಲ್ಲ, ಉಸಿರಿನ ಜೊತೆ ನಳಿಕೆಯಲ್ಲಿದ್ದದ್ದೂ ಹೋಯಿತು. ಗುರುಪಾದಪ್ಪ ಸರ್ ನನ್ನ ಬೆನ್ನಿಗೆ ಗುದ್ದಿ ಕೇಳಿದ್ದು ಒಂದೇ ಮಾತು: "ಸಕ್ರಿ ಐತೇನೋ?"

ಕೈಯಲ್ಲಿ ಕೆಲಸವಿದ್ದಾಗ ಬಾಯಿ ಮುಚ್ಚಿರಬೇಕು ಎಂಬ ಪಾಠ ಅಂದೇ ಕಲಿತೆ ಎಂದು ಬರೆಯಬೇಕು ಎನಿಸುತ್ತದೆ. ಕಲಿಯಲಿಲ್ಲ. ಕಲಿಸಿದವಳು ಮನಗೂಳಿಯ ಗಂಗವ್ವ.

ಆಗ ನಾನು ಬಾಗೇವಾಡಿಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿದ್ದೆ. ಈಗ ತಾನೇ ಆ ಜಾಗಕ್ಕೆ ಮೊಬೈಲ್ ಅಂಗಡಿ ಬಂದಿದೆ. ಆಸ್ಪತ್ರೆ ನಡೆಸುತ್ತಿದ್ದವರನ್ನು ಊರೆಲ್ಲ ಮೇಡಂ ಎಂದೇ ಕರೆಯುತ್ತಿತ್ತು. ಧಾರವಾಡದ ಹೆಣ್ಣುಮಗಳು, ಮಾತು ಕಡಿಮೆ, ಕನ್ನಡಕದ ಮೇಲಿಂದ ಒಂದು ಸಲ ನೋಡಿದರೆ ರೋಗಿಯ ಜ್ವರವೂ ನನ್ನ ನಗೆಯೂ ಒಟ್ಟಿಗೆ ಇಳಿಯುತ್ತಿದ್ದವು.

ಗಂಗವ್ವ ಬಂದದ್ದು ಗಂಡ ಮಲ್ಲಪ್ಪನ ಭುಜ ಹಿಡಿದು. ಮಲ್ಲಪ್ಪ ಆಲಮಟ್ಟಿಯ ಕೆನಾಲಿನಲ್ಲಿ ಗೇಟು ಏರಿಸಿ ಇಳಿಸುವ ಕೆಲಸ ಮಾಡಿ ಬಿಟ್ಟವನು. ಗಂಗವ್ವನಿಗೆ ಎಲುಬು ನೋವು, ಮರೆವು, ಮೇಲಿಂದ ಮೇಲೆ ಕಿಡ್ನಿಯಲ್ಲಿ ಹರಳು. ಎಡಗಡೆಯ ಕಿಡ್ನಿ ಹರಳಿನಿಂದಲೇ ಕೆಟ್ಟು, ಅದನ್ನು ಎಂದೋ ತೆಗೆದಿದ್ದರು. ಉಳಿದಿದ್ದು ಬಲಗಡೆಯದೊಂದು. ಅದರಲ್ಲೂ ಹೊಸ ಹರಳು ಕೂತಿತ್ತು. ಅದೂ ಹೋದರೆ ಮುಂದೇನು ಎಂಬುದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಹಿಂದೆ ಯಾರೋ "ಇದು ಸುಣ್ಣದ ಹರಳು" ಎಂದಿದ್ದರಂತೆ. ಸುಣ್ಣ ಎಂದ ಕೂಡಲೇ ಮನೆಮಂದಿಯ ಕಣ್ಣೆಲ್ಲ ಗಂಗವ್ವನ ಎಲೆಯಡಿಕೆ ಚೀಲದ ಮೇಲೆ. ಸುಣ್ಣದ ಡಬ್ಬಿ ಕಸಿದುಕೊಂಡರು. ಆಮೇಲೆ ಹಾಲು ಬಿಡಿಸಿದರು, ಮೊಸರು ಬಿಡಿಸಿದರು. ಹರಳು ಮಾತ್ರ ಬಿಡಲಿಲ್ಲ.

"ಎಲಿ ತಿನ್ನೂದು ಬಿಟ್ಟು ನಾಕು ವರ್ಷ ಆತ್ರಿ ಮೇಡಂ," ಎಂದಳು ಗಂಗವ್ವ. "ಆದ್ರೂ ಎಲ್ಲಾರೂ ನಾ ಕದ್ದು ತಿಂತೇನಿ ಅಂತಾರ. ದಿನಾ ನನ್ನ ಬಾಯಿ ಮೂಸಿ ನೋಡ್ತಾರ."

"ಮೂಸೂದು ಯಾರು?"

"ಇಂವನ. ಮದವಿ ಆದಾಗ ಇಷ್ಟ್ ಸಮೀಪ ಬರ್ತಿರಲಿಲ್ಲ."

ಮಲ್ಲಪ್ಪ ಕಿಟಕಿಯ ಹೊರಗೆ ನೋಡಿದ. ಮೇಡಂ ರಕ್ತದ ಚೀಟಿ ಬರೆದು ನನ್ನ ಕಡೆ ಕಳಿಸಿದರು. ಅದರಲ್ಲಿ ಕ್ಯಾಲ್ಸಿಯಂ ಇತ್ತು, ಪೊಟ್ಯಾಸಿಯಂ ಇತ್ತು.

ಹೊಸಬರಿಗಾಗಿ ಇಲ್ಲಿ ನಿಂತು ಹೇಳಬೇಕು. ಕ್ಯಾಲ್ಸಿಯಂ ನೋಡಲು ಕೆಂಪು ಮುಚ್ಚಳದ ಟ್ಯೂಬು, ಅದರಲ್ಲಿ ಏನೂ ಇರುವುದಿಲ್ಲ. ರಕ್ತಕಣ ಎಣಿಸಲು ನೇರಳೆ ಮುಚ್ಚಳದ್ದು. ರಕ್ತ ಹೆಪ್ಪುಗಟ್ಟದಂತೆ ಅದರ ತಳದಲ್ಲಿ ಒಂದು ಲವಣ ಹಚ್ಚಿರುತ್ತಾರೆ. ಆ ಲವಣ ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದು ಕಟ್ಟಿಹಾಕುತ್ತದೆ, ತನ್ನ ಪೊಟ್ಯಾಸಿಯಂ ಅನ್ನು ರಕ್ತಕ್ಕೆ ಬಿಡುತ್ತದೆ. ಆದ್ದರಿಂದ ನೇರಳೆಯ ಒಂದು ಹನಿಯೂ ಕೆಂಪಿಗೆ ಬೀಳಬಾರದು.

ಗಂಗವ್ವನ ನರಗಳು ದಾರದಂತೆ ಸಣ್ಣ. ಎರಡು ಸಲ ಚುಚ್ಚಿದೆ.

"ಏನಪಾ ದಸ್ತಗೀರಾ, ಬಾಯಿ ಇಷ್ಟ್ ಓಡತೈತಿ, ಸೂಜಿ ಯಾಕ ಓಡವಲ್ದು?"

ಹೊರಗೆ ಸಾಲಿನಲ್ಲಿ ಕುಳಿತವರು ನಕ್ಕರು. ನನಗೆ ಅಷ್ಟೇ ಸಾಕಾಗಿತ್ತು. ಮೇಡಂ ದನಿ ತೆಗೆದೆ: "ಉಪ್ಪು ಕಡಿಮಿ ಮಾಡ್ರಿ. ಮಾತೂ ಕಡಿಮಿ ಮಾಡ್ರಿ." ಇನ್ನಷ್ಟು ನಕ್ಕರು. ಗಂಗವ್ವನೂ ನಕ್ಕಳು. ಕೆಂಪು ಟ್ಯೂಬಿನಲ್ಲಿ ರಕ್ತ ಅರ್ಧವೇ ಬಂದಿತ್ತು, ನೇರಳೆಯದು ತುಂಬಿತ್ತು. ನನ್ನ ಬಾಯಿ ಸಭೆ ನಡೆಸುತ್ತಿದ್ದಾಗ ನನ್ನ ಕೈ ತನ್ನಷ್ಟಕ್ಕೆ ನೇರಳೆಯಿಂದ ಒಂದಿಷ್ಟು ಕೆಂಪಿಗೆ ಸುರಿಯಿತು.

ಕ್ಯಾಲ್ಸಿಯಂ ಆರು ಪಾಯಿಂಟ್ ಎರಡು ಬಂತು. ಒಂಬತ್ತು, ಹತ್ತರ ಸುತ್ತ ಇರಬೇಕಾದದ್ದು. ಮೇಡಂ ತಲೆಯಾಡಿಸಿದರು. ಹಾಲು, ಮೊಸರು ಎಲ್ಲ ಬಿಡಿಸಿದ್ದಾರೆ, ಇಳಿಯದೆ ಇರುತ್ತದೆಯೆ? ಕ್ಯಾಲ್ಸಿಯಂ ಮಾತ್ರೆ, ವಿಟಮಿನ್ ಡಿ ಪುಡಿ ಬರೆದುಕೊಟ್ಟರು. ಗಂಡ ಹೆಂಡತಿ ಬಸ್ಸು ಹತ್ತಿದರು.

ಪೊಟ್ಯಾಸಿಯಂ ನೋಡುವ ಯಂತ್ರ ಬೇರೆ. ಕರೆಂಟು ಹೋಗಿದ್ದರಿಂದ ಅದು ತಡವಾಯಿತು. ಅದರಲ್ಲಿ ಬಂದ ಅಂಕಿ ನೋಡಿ ಯಂತ್ರಕ್ಕೆ ಒಂದು ಏಟು ಕೊಟ್ಟೆ. ಒಂಬತ್ತು ದಾಟಿತ್ತು. ಮತ್ತೆ ಹಾಕಿದೆ, ಅಷ್ಟೇ. ಅಷ್ಟು ಪೊಟ್ಯಾಸಿಯಂ ನಿಜವಾಗಿ ಇದ್ದವರ ಹೃದಯ ನಿಲ್ಲುವ ಹಂತದಲ್ಲಿರುತ್ತದೆ. ಗಂಗವ್ವ ನನ್ನನ್ನು ಬೈದು, ನಕ್ಕು, ಮೆಟ್ಟಿಲು ಇಳಿದು ಹೋಗಿದ್ದಳು.

ಯಂತ್ರದ್ದು ತಪ್ಪಲ್ಲ. ಸುರಿದ ಕೈ ನೆನಪಾಯಿತು.

ನಿಜ ಹೇಳುತ್ತೇನೆ, ಟ್ಯೂಬನ್ನು ಸಿಂಕಿಗೆ ಚೆಲ್ಲಿ "ರಕ್ತ ಸಾಲಲಿಲ್ಲ" ಎಂದು ಬರೆಯುವ ಯೋಚನೆ ಬಂತು. ಟ್ಯೂಬು ಸಿಂಕಿನವರೆಗೂ ಹೋಗಿ ಬಂತು. ಆಮೇಲೆ ಅದನ್ನೇ ಹಿಡಿದು ಮೇಡಂ ಮುಂದೆ ನಿಂತೆ. ಯಾರ ದನಿಯೂ ಬರಲಿಲ್ಲ ಆಗ.

"ತಪ್ಪಾತ್ರಿ ಮೇಡಂ. ನೇರಳಿ ಟ್ಯೂಬಿಂದು ಇದಕ್ಕ ಹಾಕೇನಿ."

ಅವರು ಕನ್ನಡಕ ತೆಗೆದರು. "ಅಂದ್ರ ಅಕಿ ಕ್ಯಾಲ್ಸಿಯಂ ಎಷ್ಟೈತಿ ಅಂತ ನಮಗ ಗೊತ್ತಿಲ್ಲ."

"ಇಲ್ರಿ."

"ಮೊದಲ ಜಾಸ್ತಿ ಇದ್ದು, ಅದರ ಮ್ಯಾಲ ನಾವು ತಿಂಗಳಗಟ್ಲೆ ಮಾತ್ರಿ ತಿನಿಸಿದ್ರ, ಇರೂದೊಂದ ಕಿಡ್ನಿ ದಸ್ತಗೀರ." ಸ್ವಲ್ಪ ತಡೆದು, "ಒಂದೆರಡ ತಿಂದಿದ್ರ ಏನೂ ಆಗೂದಿಲ್ಲ. ಗಾಡಿ ತಗೊಂಡು ಹೋಗು" ಎಂದರು.

ಮನಗೂಳಿಗೆ ಹೋಗುವ ದಾರಿಯುದ್ದಕ್ಕೂ ಗಾಡಿಯ ಮೇಲೆ ಕ್ಷಮೆ ಕೇಳುವುದನ್ನು ಅಭ್ಯಾಸ ಮಾಡಿದೆ. ಯಾವ ದನಿಯಲ್ಲಿ ಹೇಳಿದರೂ ನಾಟಕದಂತೆ ಕೇಳುತ್ತಿತ್ತು. ಗಂಗವ್ವ ಕಟ್ಟೆಯ ಮೇಲೆ ಕುಳಿತಿದ್ದಳು, ಕೈಯಲ್ಲಿ ನೀರಿನ ಲೋಟ, ಪಕ್ಕದಲ್ಲಿ ಮಾತ್ರೆ.

"ಯವ್ವಾ, ಅದನ್ನ ತಿನ್ನಬ್ಯಾಡ. ತಪ್ಪಾತ್ರಿ. ನಿನ್ನ ರಕ್ತದಾಗ ಬ್ಯಾರೆ ಟ್ಯೂಬಿನ ರಕ್ತ ಕೂಡಿಸೇನಿ. ರಿಪೋರ್ಟ್ ಸುಳ್ಳೈತಿ."

ಅವಳು ಲೋಟ ಕೆಳಗಿಟ್ಟಳು. ಮಲ್ಲಪ್ಪ ಬಾಗಿಲಲ್ಲಿ ನಿಂತಿದ್ದ. ಅವನ ಕೈ ಗೇಟು ತಿರುಗಿಸಿ ತಿರುಗಿಸಿ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ನಾನು ಗಮನಿಸಿದೆ.

"ಮಂದೀ ದನಿ ತಗೀತಿ ಅಂತ ಗೊತ್ತಿತ್ತು," ಎಂದಳು ಗಂಗವ್ವ. "ನನ್ನ ರಕ್ತದ ಕಡಿಂದಾನೂ ಸುಳ್ಳ ದನಿ ತಗಸಿದೇನೋ ಮಾರಾಯಾ?"

ಮಾತ್ರೆ ನನ್ನ ಕೈಗೆ ಹಾಕಿ, ತಾನೇ ತೋಳು ಚಾಚಿದಳು. ಈ ಸಲ ಒಂದೇ ಚುಚ್ಚು. ತೋಳಿನ ಪಟ್ಟಿಯನ್ನು ಬಹಳ ಹೊತ್ತು ಬಿಗಿದಿಡಲಿಲ್ಲ, ಹಾಗಿಟ್ಟರೆ ಅದರಿಂದಲೂ ಕ್ಯಾಲ್ಸಿಯಂ ಏರಿದಂತೆ ಕಾಣುತ್ತದೆ. ಮಾತಾಡಲಿಲ್ಲ. ಕೆಂಪು ಮೊದಲು, ನೇರಳೆ ಆಮೇಲೆ.

ಹದಿಮೂರು ಪಾಯಿಂಟ್ ಒಂದು ಬಂತು.

ಮೇಡಂ ಚೀಟಿಯನ್ನು ಬಹಳ ಹೊತ್ತು ನೋಡಿದರು. "ನಾಕು ವರ್ಷ ಎಲಿ ಇಲ್ಲ, ಹಾಲಿಲ್ಲ. ಆದ್ರೂ ಹದಿಮೂರು. ಇದು ಬಾಯಿಂದ ಬಂದ ಸುಣ್ಣ ಅಲ್ಲ ದಸ್ತಗೀರ, ಎಲುಬಿಂದ ಬಂದದ್ದು."

ಅದನ್ನು ಖಾತ್ರಿ ಮಾಡಲು ಕುತ್ತಿಗೆಯ ಗ್ರಂಥಿಗಳು ಬಿಡುವ ಪ್ಯಾರಾಥೈರಾಯ್ಡ್ ಹಾರ್ಮೋನು ನೋಡಬೇಕು. ನಮ್ಮಲ್ಲಿ ಆ ಸೌಕರ್ಯ ಇರಲಿಲ್ಲ, ವಿಜಯಪುರಕ್ಕೆ ಕಳಿಸಬೇಕು, ತಣ್ಣಗೆ ಇಟ್ಟು ಕಳಿಸಬೇಕು. ತಮಾಷೆ ನೋಡಿ, ಆ ಹಾರ್ಮೋನು ಕೆಡದೆ ಉಳಿಯುವುದು ನನ್ನ ಮಾನ ಕಳೆದ ಅದೇ ನೇರಳೆ ಟ್ಯೂಬಿನಲ್ಲಿ. ಟ್ಯೂಬಿಗೆ ಪಾಪವಿಲ್ಲ, ಯಾವುದು ಎಲ್ಲಿಗೆ ಎಂದು ತಿಳಿಯದ ಕೈಗಿದೆ. ಫ್ರಿಜ್ಜಿನ ಬರ್ಫ ಕರಗಿಹೋಗಿತ್ತು. ಆಲಮಟ್ಟಿಯಿಂದ ಮೀನು ತರುವವನ ಡಬ್ಬಿಯಿಂದ ಬರ್ಫ ಬೇಡಿ ತಂದು, ಅದರಲ್ಲಿಟ್ಟು ಬಸ್ಸಿಗೆ ಕೊಟ್ಟೆ. ಮಧ್ಯಾಹ್ನ ವಿಜಯಪುರದ ಲ್ಯಾಬಿನಿಂದ ಫೋನು ಬಂತು: "ಪೇಶಂಟ್ ಹೆಸರು ಗಂಗವ್ವ ಅಂತ ಬರದೀರಿ. ವಾಸನಿ ನೋಡಿದ್ರ ಕಟ್ಲಾ ಮೀನ ಅನಸ್ತೈತಿ."

ಹಾರ್ಮೋನು ಇರಬೇಕಾದದ್ದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು.

ನಡುವೆ ಇಪ್ಪತ್ನಾಲ್ಕು ತಾಸಿನ ಮೂತ್ರವನ್ನೂ ನೋಡಬೇಕಿತ್ತು. ಒಳಗೆ ಒಂದಿಷ್ಟು ಆಸಿಡ್ ಹಾಕಿದ ಐದು ಲೀಟರಿನ ಕ್ಯಾನು ಕೊಟ್ಟು, ಒಂದು ಮುಂಜಾನೆಯಿಂದ ಮರುದಿನದ ಮುಂಜಾನೆಯವರೆಗೆ ಎಲ್ಲವನ್ನೂ ಇದರಲ್ಲೇ ಹಿಡಿಯಬೇಕು ಎಂದು ತಿಳಿಸಿ ಹೇಳಿದೆ. ಮರುದಿನ ಮಲ್ಲಪ್ಪ ಕ್ಯಾನು ತಂದ. ಕಂಠದವರೆಗೆ ತುಂಬಿತ್ತು.

"ಕಾಕಾ, ಇಷ್ಟ್ ಹೆಂಗ ಬಂತು?"

"ಅರ್ಧ ಆಗಿತ್ತಪಾ. ಲೆವಲ್ ಬರಲಿಲ್ಲ. ಅದಕ್ಕ ಉಳಿದದ್ದು ನಂದು ತುಂಬಿದೆ."

ನಾನು ಅವನನ್ನು ನೋಡಿ ನಗಬೇಕೆಂದಿದ್ದೆ. ಆದರೆ ಅರ್ಧ ಟ್ಯೂಬು ಕಂಡು ಇನ್ನರ್ಧ ಸುರಿದವನು ನಾನೇ. ಕೊರತೆ ಕಂಡರೆ ತುಂಬುವ ಕೈ ಇಬ್ಬರದೂ ಒಂದೇ. ಇನ್ನೊಂದು ಖಾಲಿ ಕ್ಯಾನು ಕೊಟ್ಟೆ.

ಎರಡನೆಯ ಸಲದ ಕ್ಯಾನಿನಲ್ಲಿ ಕ್ಯಾಲ್ಸಿಯಂ ಇರಬೇಕಾದದ್ದಕ್ಕಿಂತ ಹೆಚ್ಚಿತ್ತು. ಮೇಡಂ ಗಂಡ ಹೆಂಡತಿಯನ್ನು ಕೂರಿಸಿ, "ದಸ್ತಗೀರ, ನೀನ ಹೇಳು. ಇವತ್ತ ದನಿ ತಗದ್ರೂ ನಡೀತೈತಿ" ಎಂದರು. ನನ್ನ ವೃತ್ತಿಜೀವನದಲ್ಲಿ ಮೇಲಿನವರಿಂದ ಸಿಕ್ಕ ದೊಡ್ಡ ಪದವಿ ಅದೇ.

ನಾನು ಹೇಳಿದೆ: ಕುತ್ತಿಗೆಯಲ್ಲಿ ತೊಗರಿಬೇಳೆಯಷ್ಟು ದೊಡ್ಡ ನಾಲ್ಕು ಗ್ರಂಥಿಗಳಿವೆ. ರಕ್ತದಲ್ಲಿ ಸುಣ್ಣ, ಅಂದರೆ ಕ್ಯಾಲ್ಸಿಯಂ, ಕಡಿಮೆಯಾದಾಗ ಅವು ಹಾರ್ಮೋನು ಬಿಡುತ್ತವೆ. ಅದು ಎಲುಬಿಗೆ "ಕೊಡು" ಎನ್ನುತ್ತದೆ. ಕಿಡ್ನಿಗೆ "ಹೋಗಗೊಡಬೇಡ, ವಾಪಸ್ ಎಳೆ" ಎನ್ನುತ್ತದೆ. ಕಿಡ್ನಿಯ ಕೈಯಿಂದ ವಿಟಮಿನ್ ಡಿಯನ್ನು ಚುರುಕು ಮಾಡಿಸಿ ಕರುಳಿಗೂ "ಉಂಡದ್ದರಲ್ಲಿ ಇನ್ನಷ್ಟು ತೆಗೆ" ಎನ್ನಿಸುತ್ತದೆ. ಕಿಡ್ನಿಯ ಸಣ್ಣ ನಳಿಕೆಗಳ ತುದಿಯಲ್ಲಿ ಕ್ಯಾಲ್ಸಿಯಂ ಮಾತ್ರ ನುಸುಳುವ ಪುಟ್ಟ ದಾರಿಗಳಿವೆ, ಅವಕ್ಕೆ ಚಾನೆಲ್ ಎನ್ನುತ್ತಾರೆ.

"ಚಾನೆಲ್ ಅಂದ್ರ ಟೀವ್ಯಾಗಿಂದೇನು?" ಎಂದ ಮಲ್ಲಪ್ಪ.

"ಅಲ್ಲ ಕಾಕಾ, ನಿನ್ನ ಕೆನಾಲ್ ಇದ್ದಂಗ. ಗೇಟ್ ಇರತಾವ. ಹಾರ್ಮೋನ್ ಅಂದ್ರ ಆಫೀಸಿಂದ ಬರೂ ಫೋನ್. ಗೇಟ್ ತಗೀರಿ ಅಂತೈತಿ, ಸುಣ್ಣ ತಿರುಗಿ ರಕ್ತಕ್ಕ ಬರತೈತಿ. ಅವ್ವನ ಕುತ್ತಿಗ್ಯಾಗ ಒಂದ ಸಾಹೇಬ ಕೆಟ್ಟಾನ. ಡ್ಯಾಮ್ ತುಂಬಿ ತುಳಕಿದ್ರೂ ಫೋನ್ ಬಿಡವಲ್ಲ." ನನಗೆ ಗೊತ್ತಿದ್ದ ಒಬ್ಬ ದಪ್ಪ ದನಿಯ ಸಾಹೇಬರನ್ನು ಗಂಟಲಿಗೆ ತಂದೆ: "ಹಲೋ! ನೀರಿಲ್ಲ! ಗೇಟ್ ತಗೀರಿ! ಹಲೋ!"

ಗಂಗವ್ವ ಕುತ್ತಿಗೆ ಮುಟ್ಟಿ ನೋಡಿಕೊಂಡಳು. ಮಲ್ಲಪ್ಪ ನಗಲಿಲ್ಲ, ಲೆಕ್ಕ ಹಾಕುತ್ತಿದ್ದ.

"ತಡಿ. ಗೇಟ್ ತಗದು ಸುಣ್ಣ ಎಲ್ಲಾ ವಾಪಸ್ ಎಳದ್ರ, ಮೂತ್ರದಾಗ ಯಾಕ ಬರತೈತಿ? ಹರಳ ಯಾಕ ಆಗತೈತಿ?"

ನಾನು ಮೇಡಂ ಕಡೆ ನೋಡಿದೆ. ಮೇಡಂ ಹೇಳಲು ಮುಂದೆ ಬಾಗಿದರು. ಅಷ್ಟರಲ್ಲಿ ಮಲ್ಲಪ್ಪನೇ ಬೆರಳೆತ್ತಿದ.

"ಹಾಂ. ಮ್ಯಾಲಿಂದ ಒಳಹರಿವು ಜೋರ ಐತಿ. ಕೆನಾಲಿಗೆ ಎಷ್ಟ್ ಎಳದ್ರೂ ಅದರ ಅಳತಿ ಇದ್ದಷ್ಟ ಹಿಡೀತೈತಿ. ಉಳಿದದ್ದು ಹೊಳಿಗೆ ಹೋಗಾಕಬೇಕು."

"ಕಾಕಾ," ಎಂದರು ಮೇಡಂ, "ಡಾಕ್ಟರಕಿ ಎಲ್ಲಿ ಓದಿದ್ರಿ?"

"ಆಲಮಟ್ಟ್ಯಾಗ್ರಿ."

ಆಮೇಲೆ ಅವನು ಹೆಂಡತಿಯ ಕಡೆ ತಿರುಗಿದ. "ಅಂದ್ರ ಇಕಿ ಕದ್ದು ಎಲಿ ತಿಂದಿಲ್ಲ." ಗಂಗವ್ವ ಸೆರಗಿನಿಂದ ಮೂಗು ಒರೆಸಿಕೊಂಡು, "ಇನ್ನೊಮ್ಮೆ ಮೂಸು ಬೇಕಾದ್ರ" ಎಂದಳು.

ಸೊಲ್ಲಾಪುರದಲ್ಲಿ ಕುತ್ತಿಗೆಯ ಆಪರೇಷನ್ ಆಯಿತು. ತೊಗರಿಬೇಳೆಯಷ್ಟು ಇರಬೇಕಾದ ಗ್ರಂಥಿ ಅಡಿಕೆಯಷ್ಟಾಗಿತ್ತಂತೆ. ತೆಗೆದರು. ಹರಳನ್ನೂ ಪುಡಿ ಮಾಡಿದರು. ಕಿಡ್ನಿ ಉಳಿಯಿತು ಎಂದು ನಾವು ಲ್ಯಾಬಿನಲ್ಲಿ ಖಾರಾ ಚುರುಮುರಿ ತಿಂದೆವು. ಕಥೆ ಅಲ್ಲಿಗೆ ಮುಗಿದಿದ್ದರೆ ನನ್ನ ಹೆಮ್ಮೆ ಸಣ್ಣದಾಗಿಯೇ ಉಳಿಯುತ್ತಿತ್ತು.

ಮನೆಗೆ ಬಂದ ಐದನೆಯ ದಿನ ಮಲ್ಲಪ್ಪ ಅವಳನ್ನು ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಕರೆತಂದ. ತುಟಿ ಜೋಮು ಹಿಡಿದಿತ್ತು. ಎರಡೂ ಕೈಗಳ ಬೆರಳುಗಳು ಬಿಗಿದು ಒಂದಕ್ಕೊಂದು ಕೂಡಿಕೊಂಡಿದ್ದವು, ಸುಣ್ಣದ ಡಬ್ಬಿಯೊಳಗೆ ಬೆರಳು ಹಾಕಿದವಳ ಹಾಗೆ. ಬಿಡಿಸಿದರೂ ಬಿಚ್ಚುತ್ತಿರಲಿಲ್ಲ.

"ಸೊಲ್ಲಾಪುರದಾಗ ಕೊಟ್ಟ ಮಾತ್ರಿ ತಗೊಂಡಾಳೇನ್ರಿ?" ಎಂದರು ಮೇಡಂ.

ಮಲ್ಲಪ್ಪ ಜೇಬಿನಿಂದ ಪಾಕೀಟು ತೆಗೆದ. ಒಂದೂ ಮಾತ್ರೆ ಕಡಿಮೆಯಾಗಿರಲಿಲ್ಲ. "ಇವು ಸುಣ್ಣದ ಮಾತ್ರಿ ಅಲ್ಲೇನ್ರಿ? ದಸ್ತಗೀರ ಅವತ್ತ ಗಾಡಿ ಮ್ಯಾಲ ಓಡಿಬಂದು ಕಸ್ಗೊಂಡು ಹೋಗಿದ್ದ. ಸೊಲ್ಲಾಪುರದವ್ರಿಗೆ ಏನ್ ಗೊತ್ತು ಅಂತ ನಾ ಕೊಡಲಿಲ್ರಿ."

ಅಂದು ಮಾತ್ರೆ ಬೇಡ ಎಂದವನು ನಾನೇ. ಆಪರೇಷನ್ ಆದಮೇಲೆ ಬೇಕಾಗುತ್ತದೆ ಎಂದು ಹೇಳಲು ನಾನು ಮತ್ತೆ ಗಾಡಿ ಹತ್ತಿರಲಿಲ್ಲ. ಕೆಟ್ಟ ಗ್ರಂಥಿ ಹೋದಮೇಲೆ ಉಳಿದ ಮೂರು ಎಚ್ಚರಗೊಳ್ಳಲು ದಿನ ಹಿಡಿಯುತ್ತದೆ. ಅಷ್ಟರಲ್ಲಿ ವರ್ಷಗಟ್ಟಲೆ ಹಸಿದಿದ್ದ ಎಲುಬು ರಕ್ತದ ಸುಣ್ಣವನ್ನೆಲ್ಲ ಎಳೆದುಕೊಳ್ಳುತ್ತದೆ. ಕಿಡ್ನಿಗೆ ಫೋನು ಮಾಡುವವರೇ ಇಲ್ಲ, ಗೇಟುಗಳು ಸಪ್ಪಗೆ ಕೂತಿರುತ್ತವೆ.

ರಕ್ತ ತೆಗೆದೆ. ಕೆಂಪು ಮೊದಲು. ನೇರಳೆಯನ್ನು ಮೇಜಿನ ಆಚೆ ತುದಿಗೆ ಸರಿಸಿಟ್ಟೆ. ಹೊರಗೆ ಯಾರೋ "ದಸ್ತಗೀರ ಮಾಮಾ, ಒಂದ ದನಿ ತಗೀರಿ" ಎಂದರು. ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಸಲ ಪೊಟ್ಯಾಸಿಯಂ ಮೊದಲು ನೋಡಿದೆ, ನಾಲ್ಕರ ಆಸುಪಾಸು, ಸರಿಯಾಗಿತ್ತು. ಆಮೇಲೆ ಕ್ಯಾಲ್ಸಿಯಂ.

ಆರು ಪಾಯಿಂಟ್ ಎರಡು.

ಅದೇ ಅಂಕಿ. ನನ್ನ ಸುಳ್ಳು ಅಂಕಿ, ತಿರುಗಿ ಬಂದು ಎದುರಿಗೆ ನಿಂತಿತ್ತು. ಮತ್ತೊಮ್ಮೆ ಹಾಕಿದೆ, ಬದಲಾಗಲಿಲ್ಲ. ಚೀಟಿ ಹಿಡಿದು ಓಡಿದೆ. ಮೇಡಂ ಅಂಕಿ ನೋಡಿದರು, ನನ್ನನ್ನು ನೋಡಿದರು. ಅವರಿಗೂ ನೆನಪಿತ್ತು.

"ಯಾವ ಟ್ಯೂಬ್?"

"ಕೆಂಪ್ರಿ. ಪೊಟ್ಯಾಸಿಯಂ ನಾಕೈತ್ರಿ. ಎರಡ ಸಲ ಹಾಕೇನಿ."

ಅವರು ಮೂರನೆಯ ಸಲ ಹಾಕು ಎನ್ನಲಿಲ್ಲ. ಇನ್ನೊಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕ್ಯಾಲ್ಸಿಯಂ ಇಂಜೆಕ್ಷನ್ ಒಡೆದರು, ನಾಡಿ ಹಿಡಿದು ಕುಳಿತು ನಿಧಾನ, ಬಹಳ ನಿಧಾನ, ನರಕ್ಕೆ ಬಿಟ್ಟರು. ಮಕ್ಕಳೇ, ವರದಿಯ ಕೆಳಗಿನ ಸಹಿ ಬೇರೆಯವರದು ಇರಬಹುದು, ಅಂಕಿ ನಮ್ಮದು. ಆ ಅಂಕಿಯನ್ನು ನಂಬಿ ಒಬ್ಬ ಡಾಕ್ಟರು ಸೂಜಿ ಒತ್ತುತ್ತಾರಲ್ಲ, ಅದಕ್ಕಿಂತ ದೊಡ್ಡ ಬಡ್ತಿ ನಮ್ಮ ಕೆಲಸದಲ್ಲಿಲ್ಲ.

ಸ್ವಲ್ಪ ಹೊತ್ತಿಗೆ ಗಂಗವ್ವನ ಬೆರಳು ಒಂದೊಂದಾಗಿ ಬಿಚ್ಚಿಕೊಂಡವು. ಮಲ್ಲಪ್ಪ ಆ ಬೆರಳುಗಳನ್ನು ಹಿಡಿದೇ ಕುಳಿತಿದ್ದ. ಅವಳು ಕಣ್ಣು ತೆರೆದು ಮೊದಲು ಕೇಳಿದ್ದು: "ಮೇಡಂ, ಸುಣ್ಣ ಕಡಿಮಿ ಆಗೇತಿ ಅಂದ್ರಲ್ಲ, ಹಂಗಾದ್ರ ಒಂದ ಎಲಿ ತಿನ್ಲಿ?"

"ಮಾತ್ರಿ ತಿನ್ನು, ಹಾಲು ಕುಡಿ. ಎಲಿ ನಾ ಬರಕೊಡೂದಿಲ್ಲ," ಎಂದರು ಮೇಡಂ. ನಾನು ಮಲ್ಲಪ್ಪನ ಮುಂದೆ ಕುಳಿತು, ಯಾವ ಮಾತ್ರೆ, ಎಷ್ಟು, ಎಲ್ಲಿಯವರೆಗೆ, ಯಾವಾಗ ನಿಲ್ಲಿಸಬೇಕು ಎಂದು ಹೇಳಿದೆ. ತಿರುಗಿ ಅವನ ಬಾಯಿಂದ ಹೇಳಿಸಿದೆ. ಅಂದಿನಿಂದ ನನ್ನ ಲ್ಯಾಬಿನಿಂದ ಯಾವ ವರದಿಯೂ ಹಾಗೆ ಹೇಳಿಸದೆ ಹೊರಗೆ ಹೋಗಿಲ್ಲ.

ಈ ವರ್ಷ ಮೇಡಂ ಆಸ್ಪತ್ರೆ ಮುಚ್ಚಿದರು. ಆಸ್ಪತ್ರೆಯೂ ನಾನೂ ಒಂದೇ ದಿನ ನಿವೃತ್ತರಾದೆವು. ಸಣ್ಣ ಸಭೆ, ನಾಲ್ಕು ಕುರ್ಚಿ, ಒಂದು ಶಾಲು. ಎಲ್ಲರ ದನಿ ತೆಗೆಯುವುದು ನನ್ನ ಪಾಲಿನ ಕಾರ್ಯಕ್ರಮ. ಅದಕ್ಕೆ ಮೊದಲೇ ಗಂಗವ್ವ ಕೋಲೂರಿಕೊಂಡು ಬಂದಳು, ಅದೊಂದೇ ಕಿಡ್ನಿಯ ಜೊತೆ. ಸೊಂಟದ ಚೀಲದಿಂದ ಎಲೆ ತೆಗೆದು, ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಸಿ ನನ್ನ ಬಾಯಿಗಿಟ್ಟಳು. ಸುಣ್ಣ ಬೇಕೆಂದೇ ದಪ್ಪಗೆ ಹಚ್ಚಿದ್ದಳು. ನಾಲಿಗೆ ಸುಟ್ಟುಹೋಯಿತು. ವೇದಿಕೆಗೆ ಹತ್ತಿದರೆ ಒಂದು ದನಿಯೂ ಬರುತ್ತಿಲ್ಲ.

"ಅಂವನ ಕಡಿಂದ ಇವತ್ತ ಆಗೂದಿಲ್ಲ, ನಾ ತಗೀತೇನಿ," ಎಂದಳು ಗಂಗವ್ವ ಮೈಕು ಹಿಡಿದು. ಆಮೇಲೆ ಅವಳ ಬಾಯಿಂದ ಒಂದು ದನಿ ಬಂತು. ಓಡಿಬಂದವನ ಏದುಸಿರು, ನಡುವೆ ತೊದಲು, ಕೊನೆಗೆ ಒಡೆದ ಗಂಟಲು: "ಯವ್ವಾ, ಅದನ್ನ ತಿನ್ನಬ್ಯಾಡ. ತಪ್ಪಾತ್ರಿ."

ಜನ ನಕ್ಕರು. ಮೇಡಂ ಮಾತ್ರ ಕನ್ನಡಕ ತೆಗೆದು ಒರೆಸಿದರು. ಇಡೀ ಜೀವನ ಊರಿನವರ ದನಿ ತೆಗೆದೆ, ನನ್ನ ದನಿಯನ್ನು ಹೊರಗಿನಿಂದ ಕೇಳಿದ್ದು ಅದೊಂದೇ ಸಲ. ಹೆಮ್ಮೆಯಿಂದ ಹೇಳುತ್ತೇನೆ, ಚೆನ್ನಾಗಿತ್ತು.